ಆಟದ ಪಹಣಿ ಯಾರ ಹೆಸರಲ್ಲಿದೆ?

ಪುನರ್ವಸು ಮಳೆ ಹಿಡಿದರೆ ನಮ್ಮ ಸಾಗರದ ಕಡೆ ಮೊದಲು ಕರೆಂಟ್ ಹೋಗುತ್ತದೆ, ಆಮೇಲೆ ನೆಟ್‌ವರ್ಕ್ ಹೋಗುತ್ತದೆ, ಕೊನೆಗೆ ಬಂದ ನೆಂಟರೂ ಹೋಗುತ್ತಾರೆ. ಇದಕ್ಕೆಲ್ಲ ನಾವು ಬೇಜಾರು ಮಾಡಿಕೊಳ್ಳುವುದಿಲ್ಲ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್ ಅಂತ ಮೇಣದಬತ್ತಿ ಬೆಳಕಲ್ಲೇ ಬಾಯಿಪಾಠ ಮಾಡಿದವರು ನಾವು.

ಅಂಥ ಒಂದು ಸಂಜೆ. ಲ್ಯಾಪ್‌ಟಾಪಿನಲ್ಲಿ ಮೂರು ಗಂಟೆಗಾಗುವಷ್ಟು ಚಾರ್ಜ್ ಇತ್ತು. ಅಮ್ಮ ಹಲಸಿನ ಹಪ್ಪಳ ಸುಟ್ಟು ಕೊಟ್ಟಿದ್ದಳು. ಹೊರಗೆ ಹಂಚಿನ ಮೇಲೆ ಮಳೆ. ಇನ್ನೇನು ಬೇಕು ಅಂತ ಹೊಸದಾಗಿ ಕೊಂಡಿದ್ದ ವಿಡಿಯೋ ಗೇಮ್ ತೆರೆದೆ. ಕಥೆ ಏನಪ್ಪಾ ಅಂದ್ರೆ, ಒಬ್ಬ ಗಗನಯಾತ್ರಿ ಎಲ್ಲೋ ದೂರದ ಗ್ರಹದಲ್ಲಿ ಸಿಕ್ಕಿಬಿದ್ದಿದ್ದಾನೆ. ಅವನೊಬ್ಬನೇ. ಭೂಮಿಯ ಜೊತೆ ಸಂಪರ್ಕ ಕಡಿದು ನಲವತ್ತು ವರ್ಷ ಆಗಿದೆ. ಆಡುವವನೂ ಒಬ್ಬನೇ, ಇನ್ನೊಬ್ಬರ ಹಂಗಿಲ್ಲ. ಆದರೆ ಆಟ ಶುರುವಾಗುವ ಮೊದಲು ಪರದೆಯ ಮೇಲೆ ಒಂದು ಸಾಲು ಬಂತು: ಸರ್ವರ್ ಜೊತೆ ಸಂಪರ್ಕ ಸಿಗುತ್ತಿಲ್ಲ, ನಿಮ್ಮ ಲೈಸೆನ್ಸ್ ಪರಿಶೀಲಿಸಬೇಕಿದೆ.

ನಲವತ್ತು ವರ್ಷದಿಂದ ಸಂಪರ್ಕವೇ ಇಲ್ಲದವನ ಪಾತ್ರ ಮಾಡಲಿಕ್ಕೆ ನನಗೆ ಫುಲ್ ಸಿಗ್ನಲ್ ಬೇಕಂತೆ.

ಜಗಲಿಯಲ್ಲಿ ಅಡಿಕೆ ಕತ್ತರಿಸುತ್ತಾ ಕೂತಿದ್ದ ಅಜ್ಜ ನನ್ನ ಬೈಗುಳ ಕೇಳಿಸಿಕೊಂಡ.

"ಎಂತಾತು ಮಾರಾಯ?"

"ಆಟ ಓಪನ್ ಆಗ್ತಿಲ್ಲ ಅಜ್ಜ. ಇದು ನಂದು ಹೌದೋ ಅಲ್ವೋ ಅಂತ ಕಂಪನಿಯವ್ರು ನೋಡ್ಬೇಕಂತೆ."

"ದುಡ್ಡು ಕೊಟ್ಟಿಲ್ವಾ?"

"ಕೊಟ್ಟಿದೀನಿ. ಒಂದು ರೂಪಾಯಿ ಕಮ್ಮಿ ಐದು ಸಾವಿರ."

ಅಜ್ಜ ಅಡಕತ್ತರಿ ಕೆಳಗಿಟ್ಟ. "ಪಹಣಿ ಯಾರ ಹೆಸರಲ್ಲಿದೆ?"

"ಇದಕ್ಕೆ ಪಹಣಿ ಎಲ್ಲ ಇರಲ್ಲ ಅಜ್ಜ. ನನ್ನ ಖಾತೆಯಲ್ಲಿದೆ."

"ಖಾತೆ ಆಗಿದ್ಯಲ್ಲ, ಮತ್ತೆಂತ ತಕರಾರು?"

"ಆ ಖಾತೆ ಅಲ್ಲ. ಇದು ಅವರ ಹತ್ರ ಇರೋ ಖಾತೆ. ಅವರಿಗೆ ಬೇಕಾದಾಗ ಮುಚ್ಚಬಹುದು."

"ಹಾಗಾದ್ರೆ ಗೇಣಿ ಅನ್ನು," ಅಂದ ಅಜ್ಜ. ಮತ್ತೆ ಅಡಕತ್ತರಿ ಕೈಗೆತ್ತಿಕೊಂಡ.

ಈ ವಿಷಯದಲ್ಲಿ ಅಜ್ಜನ ಮಾತು ತಳ್ಳಿಹಾಕುವ ಹಾಗಿಲ್ಲ. 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆದಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ ಹುಡುಗ. ಗೇಣಿದಾರರು ಜಮೀನಿನ ಒಡೆಯರ ಗದ್ದೆಗಿಳಿದಿದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಅಲ್ಲಿಂದ ಇಲ್ಲಿಗೆ ಬಂದು ಬಂಧನವಾಗಿದ್ದು, ಎಲ್ಲ ಅವನಿಗೆ ನೆನ್ನೆ ಮೊನ್ನೆಯದು. 1974ರಲ್ಲಿ ದೇವರಾಜ ಅರಸು ಸರ್ಕಾರದ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನೇ ಹೊಲದೊಡೆಯ ಆದಾಗ, ಅಜ್ಜನೂ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ಬರೆಸಿ ಡಿಕ್ಲರೇಷನ್ ಹಾಕಿದ. ಗದ್ದೆ ಬಂತು. ಆ ಆದೇಶದ ಕಾಗದ ಈಗಲೂ ತಗಡಿನ ಟ್ರಂಕಿನಲ್ಲಿದೆ. ಹಾಗೆ ಒಡೆಯನಾದವನ ಮೊಮ್ಮಗ ನಾನು, ಐವತ್ತು ವರ್ಷದ ಮೇಲೆ ಸ್ವಂತ ದುಡ್ಡು ಕೊಟ್ಟು ಮತ್ತೆ ಗೇಣಿಗೆ ನಿಂತಿದ್ದೇನೆ. ಅದೂ ಡೀಲಕ್ಸ್ ಎಡಿಷನ್ ಗೇಣಿ.

ಇದು ನನ್ನೊಬ್ಬನ ಗೋಳಾಗಿದ್ದರೆ ಮಳೆಯ ಮೇಲೆ ಹಾಕಿ ಸುಮ್ಮನಿರುತ್ತಿದ್ದೆ. 2014ರಲ್ಲಿ ಯೂಬಿಸಾಫ್ಟ್ ಕಂಪನಿ 'ದಿ ಕ್ರೂ' ಅಂತ ಒಂದು ಕಾರು ಓಡಿಸುವ ಆಟ ತಂತು. ಜನ ದುಡ್ಡು ಕೊಟ್ಟು ಕೊಂಡರು. 2024ರ ಮಾರ್ಚ್ 31ಕ್ಕೆ ಕಂಪನಿ ಸರ್ವರ್ ನಿಲ್ಲಿಸಿತು. ಒಬ್ಬರೇ ಕೂತು ಆಡುವವರಿಗೂ ಆಟ ಬಂದ್. ಡಿಸ್ಕ್ ಕೈಯಲ್ಲೇ ಇದೆ, ಬೇಕಾದರೆ ಲೋಟದ ಕೆಳಗೆ ಇಟ್ಟುಕೊಳ್ಳಬಹುದು. ಇದಕ್ಕೆ ನಮ್ಮ ಕಡೆ ಒಕ್ಕಲೆಬ್ಬಿಸುವುದು ಅಂತಾರೆ. ಅದೇ ವರ್ಷ ಜನವರಿಯಲ್ಲಿ ಅದೇ ಕಂಪನಿಯ ಅಧಿಕಾರಿಯೊಬ್ಬರು ಸಂದರ್ಶನದಲ್ಲಿ, ಚಂದಾ ಕಟ್ಟಿ ಆಡುವ ಪದ್ಧತಿ ಬೆಳೆಯಬೇಕಾದರೆ ಆಟಗಳು ತಮ್ಮ ಸ್ವಂತದ್ದಲ್ಲ ಅನ್ನುವುದಕ್ಕೆ ಆಟಗಾರರು ಒಗ್ಗಿಕೊಳ್ಳಬೇಕು ಅನ್ನುವ ಅರ್ಥದ ಮಾತಾಡಿದ್ದರು. ಇದನ್ನು ಅಜ್ಜನಿಗೆ ಓದಿ ಹೇಳಿದೆ. ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಒಡೆಯರೂ ಹಾಗೇ ಹೇಳ್ತಿದ್ರು, ಗದ್ದೆ ಯಾರದ್ದಾದ್ರೆ ಎಂತ, ಉಳೋಕೆ ಬಿಟ್ಟಿದೀವಲ್ಲ ಅಂತ.

ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೊಂದು ಕಾನೂನೇ ಬಂದಿದೆ. 2025ರಿಂದ ಜಾರಿ. ಅಂಗಡಿಯವರು ಡಿಜಿಟಲ್ ಸರಕಿಗೆ 'ಖರೀದಿಸಿ' ಅಂತ ಬರೆದರೆ, ಇದು ಬರೀ ಲೈಸೆನ್ಸ್ ಅಂತಲೂ ಬಾಯಿಬಿಟ್ಟು ಹೇಳಬೇಕು. ಗೇಣಿ ತಪ್ಪಲಿಲ್ಲ, ಗೇಣಿ ಅಂತ ಬೋರ್ಡು ಬಂತು. ಯುರೋಪಿನಲ್ಲಿ ಆಟಗಳನ್ನು ಹೀಗೆ ಕೊಲ್ಲಬೇಡಿ ಅಂತ ಸಹಿ ಸಂಗ್ರಹ ಶುರುವಾಗಿ, 2025ರ ಜುಲೈನಲ್ಲಿ ಹತ್ತು ಲಕ್ಷ ದಾಟಿತು. ಅವರೂ ಫಾರಂ ನಂಬರ್ 7 ಹುಡುಕುತ್ತಿದ್ದಾರೆ ಪಾಪ.

ಇನ್ನು ಡಬ್ಬಿಯ ವಿಚಾರ. ಅಂಗಡಿಗೆ ಹೋಗಿ ಡಬ್ಬಿ ಕೊಂಡರೆ ಆಟ ನಮ್ಮದು ಅಂತ ನಂಬಿಕೆ ಇತ್ತಲ್ಲ, ಅದನ್ನೂ ಕಿತ್ತಾಯಿತು. 2025ರಲ್ಲಿ ನಿಂಟೆಂಡೊ ಸ್ವಿಚ್ 2 ಅನ್ನುವ ಆಟದ ಯಂತ್ರ ಬಂದಾಗ ಗೇಮ್-ಕೀ ಕಾರ್ಡ್ ಅಂತ ಒಂದು ಹೊಸ ಜಾತಿ ಹುಟ್ಟಿತು. ಡಬ್ಬಿ ಇದೆ, ಮೇಲೆ ಬಣ್ಣದ ಚಿತ್ರ ಇದೆ, ಒಳಗೆ ಕಾರ್ಡೂ ಇದೆ. ಕಾರ್ಡಿನೊಳಗೆ ಆಟ ಇಲ್ಲ. ಆಟವನ್ನು ಇಂಟರ್ನೆಟ್ಟಿನಿಂದ ಇಳಿಸಿಕೊಳ್ಳಬೇಕು, ಇಳಿಸಿಕೊಂಡ ಮೇಲೂ ಆಡುವಾಗೆಲ್ಲ ಆ ಕಾರ್ಡ್ ಸಿಕ್ಕಿಸಿರಬೇಕು. ಡೌನ್‌ಲೋಡಿನ ಕಷ್ಟವೂ ಇದೆ, ಡಬ್ಬಿ ಕಳೆದುಹೋಗುವ ಭಯವೂ ಇದೆ. ಎರಡನ್ನೂ ಒಂದೇ ಸರಕಿನಲ್ಲಿ ಕೊಡುವುದು ಸಾಮಾನ್ಯ ಬುದ್ಧಿಯವರಿಗೆ ಹೊಳೆಯುವಂಥದ್ದಲ್ಲ. ಶಿವಮೊಗ್ಗದ ಮಂಡಿಯಲ್ಲಿ ಯಾರಾದರೂ ಅಡಿಕೆ ಮೂಟೆ ಮಾರಿ, ಬಿಚ್ಚಿ ನೋಡಿದರೆ ಒಳಗೆ 'ಅಡಿಕೆ ಸಾಗರದಲ್ಲಿದೆ, ಬಂದು ಒಯ್ಯಿರಿ, ಬರುವಾಗ ಈ ಚೀಲ ತನ್ನಿ' ಅಂತ ಚೀಟಿ ಇದ್ದಿದ್ದರೆ, ಆ ಮಂಡಿ ಮರುದಿನ ಬಾಗಿಲು ತೆಗೆಯುತ್ತಿತ್ತಾ?

ಅಡಿಕೆ ಅಂದಾಗ ನೆನಪಾಯಿತು. ನಮ್ಮಲ್ಲೂ ಎಡಿಷನ್‌ಗಳಿವೆ. ಗೊರಬಲು, ರಾಶಿ, ಬೆಟ್ಟೆ, ಸರಕು. ದರ ಏರಿದ ಹಾಗೆ ಅಡಿಕೆಯೂ ಬೇರೆ, ಅದಕ್ಕೆ ಪಟ್ಟ ಕಷ್ಟವೂ ಬೇರೆ. ಆಟದಲ್ಲಿ ಸ್ಟ್ಯಾಂಡರ್ಡಿಗೂ ಡೀಲಕ್ಸಿಗೂ ಇರುವ ವ್ಯತ್ಯಾಸ ಅಂದರೆ ಒಂದು ಕೆಂಪು ಕೋಟು, ಮತ್ತೆ ಎಲ್ಲರಿಗಿಂತ ಮೂರು ದಿನ ಮೊದಲು ಆಡುವ ಅವಕಾಶ. ಆ ಮೂರು ದಿನದಲ್ಲಿ ಆಟದಲ್ಲಿರುವ ತಪ್ಪುಗಳನ್ನೆಲ್ಲ ನಾವೇ ಹುಡುಕಿ ಕಂಪನಿಗೆ ತಿಳಿಸಬೇಕು. ಜಾಸ್ತಿ ದುಡ್ಡು ಕೊಟ್ಟು ಕೂಲಿಗೆ ಹೋದ ಹಾಗೆ. ಹೋಗಿದ್ದೇನೆ. ಕೆಂಪು ಕೋಟು ಹಾಕಿಕೊಂಡೇ ಹೋಗಿದ್ದೇನೆ.

ಅಜ್ಜನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟಿದ್ದು ಹಾರ್ಡ್ ಡಿಸ್ಕ್ ಪುರಾಣ. ಕಾಗೋಡಿನ ಜಗಳ ಶುರುವಾಗಿದ್ದೇ ಭತ್ತ ಅಳೆಯುವ ಕೊಳಗದಿಂದ. ಬೀಜಕ್ಕೆ ಭತ್ತ ಕೊಡುವಾಗ ಒಡೆಯರ ಮನೆಯಲ್ಲಿ ಒಂದು ಕೊಳಗ, ಗೇಣಿ ಅಳೆದುಕೊಳ್ಳುವಾಗ ಅದಕ್ಕಿಂತ ದೊಡ್ಡ ಇನ್ನೊಂದು ಕೊಳಗ ಅಂತ ಅಜ್ಜ ಹೇಳುತ್ತಾನೆ. ನಾನು ಒಂದು ಟೆರಾಬೈಟಿನ ಡಿಸ್ಕ್ ತಂದು ಸಿಕ್ಕಿಸಿದರೆ ಕಂಪ್ಯೂಟರ್ ತೋರಿಸುವುದು 931 ಜಿಬಿ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಅಳೆದು ಕೊಡುತ್ತಾರೆ, ಕಂಪ್ಯೂಟರ್ 1024ರ ಲೆಕ್ಕದಲ್ಲಿ ಅಳೆದುಕೊಳ್ಳುತ್ತದೆ. ಮೊದಲು ಬಂದ ಪ್ಲೇಸ್ಟೇಷನ್ 5ರ ಪೆಟ್ಟಿಗೆಯ ಮೇಲೆ 825 ಜಿಬಿ ಅಂತಿತ್ತು, ಆಟಕ್ಕೆ ಸಿಗುತ್ತಿದ್ದುದು ಸುಮಾರು 667. ಅದರಲ್ಲಿ ಒಂದೊಂದು ಆಟವೇ ನೂರು ಜಿಬಿ ನುಂಗುತ್ತದೆ.

"ಎರಡು ಕೊಳಗ!" ಅಂತ ಅಜ್ಜ ತೊಡೆ ತಟ್ಟಿ ನಕ್ಕ. ಹಲ್ಲಿಲ್ಲದ ಬಾಯಲ್ಲಿ ಅಷ್ಟು ಜೋರು ನಗು ನಾನು ನೋಡಿ ಸುಮಾರು ದಿನ ಆಗಿತ್ತು.

ಇದನ್ನೆಲ್ಲ ವೈಜ್ಞಾನಿಕ ಸಿನಿಮಾದವರು ಯಾಕೆ ಮುಂಚೆ ಹೇಳಲಿಲ್ಲ ಅಂತ ನನಗೆ ಸಿಟ್ಟಿದೆ. ಹಾರುವ ಕಾರು ಬರುತ್ತದೆ ಅಂದರು, ರೋಬೋ ದಂಗೆ ಏಳುತ್ತದೆ ಅಂದರು, ಹಸಿರು ಮೈಯವರು ಬಂದು ನ್ಯೂಯಾರ್ಕಿನ ಮೇಲೆ ಬೀಳುತ್ತಾರೆ ಅಂದರು. ಆಗುಂಬೆಯ ಮೇಲೆ ಯಾಕೆ ಬೀಳಲ್ಲ ಅನ್ನುವುದು ಬೇರೆ ಪ್ರಶ್ನೆ. ಬಿದ್ದರೆ ಆ ಮಳೆಗೆ ಹಡಗಿಗೇ ಬೂಸ್ಟು ಹಿಡಿಯುತ್ತದೆ ಅಂತ ಅವರಿಗೂ ಗೊತ್ತಿರಬೇಕು. ಆದರೆ ನಮ್ಮದೇ ಆಟದ ಬಾಗಿಲು ನಮಗೇ ತೆಗೆಯುವುದಿಲ್ಲ ಅಂತ ಸರಿಯಾಗಿ ಹೇಳಿದ್ದು 1968ರ '2001: ಎ ಸ್ಪೇಸ್ ಒಡಿಸ್ಸಿ' ಒಂದೇ. ಅದರಲ್ಲಿ ಹಾಲ್ ಅನ್ನುವ ಕಂಪ್ಯೂಟರ್, ಹೊರಗೆ ನಿಂತ ಗಗನಯಾತ್ರಿಗೆ ಹಡಗಿನ ಬಾಗಿಲು ತೆಗೆಯಲ್ಲ ಅನ್ನುತ್ತದೆ. ಸಿಟ್ಟಿಲ್ಲ, ಕೂಗಾಟ ಇಲ್ಲ. ಕ್ಷಮಿಸಿ ಅನ್ನುತ್ತದೆ, ಅಷ್ಟೇ. ನಾವದನ್ನು ಭಯದ ದೃಶ್ಯ ಅಂತ ನೋಡಿದೆವು. ಕಂಪನಿಯವರು ಗ್ರಾಹಕ ಸೇವೆಯ ತರಬೇತಿ ಅಂತ ನೋಡಿರಬೇಕು. ಆ ಗಗನಯಾತ್ರಿಗಾದರೂ ಪಕ್ಕದಲ್ಲಿ ತುರ್ತು ಬಾಗಿಲಿತ್ತು, ಹೆಲ್ಮೆಟ್ ಇಲ್ಲದಿದ್ದರೂ ನುಗ್ಗಿದ. ನಮ್ಮ ಆಟಕ್ಕೆ ಹಿತ್ತಲ ಬಾಗಿಲೂ ಇಲ್ಲ.

ಸೂಪರ್‌ಹೀರೋಗಳು ಬರುತ್ತಾರಾ? ಬರಲ್ಲ. ಬ್ಯಾಟ್‌ಮನ್ 1939ರಿಂದಲೂ ಹುಟ್ಟು ಜಮೀನ್ದಾರ. ತೊಟ್ಟಿಮನೆಯಂಥ ಬಂಗಲೆ, ನಂಬಿಕಸ್ಥ ಆಳು, ಬೇಕಾದಷ್ಟು ಆಸ್ತಿ. ಅವನು ಗೇಣಿದಾರರ ಪರ ರಾತ್ರಿ ಹೊತ್ತು ಹೊರಡುತ್ತಾನೆ ಅಂತ ನಂಬಬೇಡಿ. ಐರನ್‌ಮ್ಯಾನ್ ಕಾರ್ಖಾನೆ ಮಾಲೀಕ. ಸ್ಪೈಡರ್‌ಮ್ಯಾನ್ ಒಬ್ಬ ನಮ್ಮವನು, ಬಾಡಿಗೆ ಬಾಕಿ ಇಟ್ಟುಕೊಂಡು ಮಾಲೀಕನ ಕಣ್ಣು ತಪ್ಪಿಸಿ ಓಡಾಡುವವನು. ಅವನ ಕೈಯಲ್ಲಿ ಏನಾಗುತ್ತದೆ ಪಾಪ.

ನಾವು ಅಭಿಮಾನಿಗಳೋ, ನಮ್ಮದು ಇನ್ನೂ ದೊಡ್ಡ ಕಥೆ. ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಕಾಫಿಗೆ ಸೇರುವ ನಮ್ಮ ನಾಲ್ಕು ಜನರ ಗುಂಪು, ಸೂಪರ್‌ಮ್ಯಾನ್ ಚಡ್ಡಿ ಒಳಗಿರಬೇಕೋ ಹೊರಗಿರಬೇಕೋ ಅಂತ ಎರಡು ಗಂಟೆ ಜಗಳ ಮಾಡಿದ್ದಿದೆ. ಒಬ್ಬ ಸಿಟ್ಟಾಗಿ ಬಿಲ್ಲು ಕೊಡದೇ ಎದ್ದುಹೋಗಿದ್ದ. ಹೀರೋ ಮುಖವಾಡದ ಬಣ್ಣ ಬದಲಾದರೆ ನಮ್ಮ ರಕ್ತ ಕುದಿಯುತ್ತದೆ. ಕೊಂಡ ಆಟವನ್ನು ವಾಪಸ್ ಕಿತ್ತುಕೊಂಡರೆ, ಅದು ಷರತ್ತಿನ ಹದಿನಾಲ್ಕನೇ ಪುಟದಲ್ಲಿದೆ ಬಿಡೋ ಅನ್ನುತ್ತೇವೆ. ಕಂಪನಿಯ ಪರ ವಕಾಲತ್ತಿಗೆ ನಾವೇ ನಿಲ್ಲುತ್ತೇವೆ, ಅದೂ ಫೀಸಿಲ್ಲದೆ. ಅಜ್ಜನ ಕಾಲದಲ್ಲಿ ಒಡೆಯರ ಶಾಲು ಯಾವ ಬಣ್ಣದ್ದಿರಬೇಕು ಅಂತ ಗೇಣಿದಾರರು ಸತ್ಯಾಗ್ರಹ ಮಾಡಿದ್ದಿಲ್ಲ.

ಅಟ್ಟದ ಮೇಲೆ ನನ್ನ ಹಳೇ ಇಂದ್ರಜಾಲ ಕಾಮಿಕ್ಸ್ ಇದ್ದವು. ಮಾವ ಕೊಟ್ಟಿದ್ದು. ಅವತ್ತು ಆಡಲಿಕ್ಕಾಗದೆ ಟಾರ್ಚ್ ಹಿಡಿದು ಹತ್ತಿ ನೋಡಿದೆ. ಅರ್ಧಕ್ಕರ್ಧ ವರಲೆ ತಿಂದಿತ್ತು. ಒಂದರಲ್ಲಿ ಫ್ಯಾಂಟಮ್‌ನ ಕುದುರೆ ಇತ್ತು, ಫ್ಯಾಂಟಮ್ ಇರಲಿಲ್ಲ. ಇನ್ನೊಂದರ ಮೇಲೆ ಕಾಫಿ ಲೋಟದ ದುಂಡನೆ ಕಲೆ. ಆದರೆ ಉಳಿದ ಪುಟ ತೆಗೆದರೆ ತೆಗೆದುಕೊಂಡಿತು. ನೀನ್ಯಾರು ಅಂತ ಕೇಳಲಿಲ್ಲ. 2009ರಲ್ಲಿ ಅಮೆಜಾನ್, ಮಾರಿದವರಿಗೆ ಹಕ್ಕೇ ಇರಲಿಲ್ಲ ಅಂತ, ಜನ ದುಡ್ಡು ಕೊಟ್ಟು ಕೊಂಡಿದ್ದ ಇ-ಪುಸ್ತಕಗಳನ್ನು ಅವರ ಕಿಂಡಲ್‌ನಿಂದ ಕೂತಲ್ಲೇ ಅಳಿಸಿಹಾಕಿತ್ತು. ಅದರಲ್ಲೊಂದು ಜಾರ್ಜ್ ಆರ್ವೆಲ್‌ನ '1984'. ಸರ್ಕಾರ ಕಾಗದಪತ್ರಗಳನ್ನು ಗುಟ್ಟಾಗಿ ಸುಟ್ಟುಹಾಕುವ ಕಥೆ ಅದು. ನಮ್ಮ ವರಲೆಗೆ ಇಷ್ಟು ಹಾಸ್ಯಪ್ರಜ್ಞೆ ಇಲ್ಲ.

ಮರುದಿನ ಬೆಳಿಗ್ಗೆಯೂ ನೆಟ್‌ವರ್ಕ್ ಬರಲಿಲ್ಲ. ಐದು ಸಾವಿರದ ಸಂಕಟ ಬಿಡುತ್ತಾ? ಲ್ಯಾಪ್‌ಟಾಪನ್ನು ಗೊಬ್ಬರದ ಚೀಲದಲ್ಲಿ ಸುತ್ತಿ, ತಲೆಗೆ ಕಂಬಳಿ ಕೊಪ್ಪೆ ಹಾಕಿ ಮನೆ ಹಿಂದಿನ ಗುಡ್ಡ ಹತ್ತಿದೆ. ಆ ಗುಡ್ಡದ ನೆತ್ತಿಯಲ್ಲಿ, ಒಂದು ಮತ್ತಿಮರದ ಕೆಳಗೆ, ಎರಡು ಗೆರೆ ಸಿಗ್ನಲ್ ಬರುತ್ತದೆ. ಅಲ್ಲಿ ಆಗಲೇ ಕ್ಯೂ. ಪಕ್ಕದ ಮನೆಯ ಅತ್ತೆ ಕೊಡೆ ಹಿಡಿದು ಗ್ಯಾಸಿನ ಇ-ಕೆವೈಸಿ ಮಾಡಿಸುತ್ತಿದ್ದರು. "ನಿಂದೆಂತಾ? ಆಫೀಸಿನ ಕೆಲ್ಸನಾ?" ಅಂದರು. ಹೌದು ಅಂದೆ. ಬಾಹ್ಯಾಕಾಶದಲ್ಲಿ ಸಿಕ್ಕಿಬಿದ್ದವನ ಲೈಸೆನ್ಸ್ ಅಂತ ಹೇಳಲಿಕ್ಕೆ ಬಾಯಿ ಬರಲಿಲ್ಲ.

ಇಪ್ಪತ್ತು ನಿಮಿಷ ಆದಮೇಲೆ ಕಂಪನಿಗೆ ನಂಬಿಕೆ ಬಂತು. ನಾನು ನಾನೇ ಅಂತ ಒಪ್ಪಿಕೊಂಡಿತು. ಅದರ ಕೆಳಗೇ ಇನ್ನೊಂದು ಸಾಲು: ಆಡುವ ಮೊದಲು 38 ಜಿಬಿ ಅಪ್‌ಡೇಟ್ ಇಳಿಸಿಕೊಳ್ಳಿ.

ಗುಡ್ಡ ಇಳಿದು ಬಂದಾಗ ಅಜ್ಜ ಜಗಲಿಯಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಚೀಲ, ಕೊಪ್ಪೆ, ತೊಯ್ದ ಮೈ ಎಲ್ಲ ಒಮ್ಮೆ ನೋಡಿದ.

"ಅಪ್ಪಯ್ಯನ ಜೊತೆ ನಾನೂ ಹೀಗೇ ಹೋಗ್ತಿದ್ದೆ, ಗೇಣಿ ಭತ್ತ ಹೊತ್ಕೊಂಡು. ಕೊಟ್ಟಿದ್ದಕ್ಕೆ ರಸೀದಿ ಮಾತ್ರ ಕೊಡ್ತಿರ್ಲಿಲ್ಲ ಅವ್ರು. ನಿಂಗೆ ಕೊಟ್ಟಿದಾರಾ?"

"ಕೊಟ್ಟಿದಾರೆ ಅಜ್ಜ."

"ತೋರ್ಸು ನೋಡಣ."

"ಈಮೇಲಲ್ಲಿದೆ. ತೋರಿಸ್ಬೇಕು ಅಂದ್ರೆ ಮತ್ತೆ ಗುಡ್ಡ ಹತ್ಬೇಕು."

ಅಜ್ಜ ಬೆರಳ ತುದಿಯಲ್ಲಿದ್ದ ಸುಣ್ಣವನ್ನು ನನ್ನ ಕಡೆ ಚಾಚಿದ.

"ಹಿಮ್ಮಡಿ ಹತ್ರ ಉಂಬಳ ಹತ್ತಿದೆ ನೋಡು."