ಗಲ್ಫಿನ ಶಾಕು, ಪುತ್ತೂರಿನ ರಿಪೇರಿ, ನಮ್ಮ ಬದಿಯಡ್ಕದ ರಸ್ತೆ

ಪಿಕಪ್ ಕುಲುಕುತ್ತದೆ ಅಂತ ನಮ್ಮ ಕಾಸರಗೋಡಿನಲ್ಲಿ ಬಾಯಿ ಬಿಟ್ಟರೆ ಸಾಕು, ಎರಡು ಕಡೆಯಿಂದ ಸಲಹೆ ಬಂದು ಬೀಳುತ್ತದೆ. ಗಲ್ಫಿನಲ್ಲಿ ವರ್ಷಗಟ್ಟಲೆ ಹೈಲಕ್ಸ್ ಓಡಿಸಿ ಊರಿಗೆ ಬಂದವರು "ಕಂಪನಿಯ ಶಾಕ್ ಅಬ್ಸಾರ್ಬರ್ ಕಿತ್ತು ಬಿಸಾಡಿ, ಬಿಲ್‌ಸ್ಟೈನ್ ಹಾಕಿ" ಅನ್ನುತ್ತಾರೆ. ಗಡಿಯಾಚೆ ವಿಟ್ಲ, ಪುತ್ತೂರಿನ ನೆಂಟರು "ಹೊಸತು ಎಂತಕ್ಕೆ ಮಾರಾಯ್ರೆ, ಆಯಿಲ್ ತುಂಬಿಸಿ ಸೀಲ್ ಹಾಕಿದರೆ ಇನ್ನೂ ಎರಡು ವರ್ಷ ಬರ್ತದೆ" ಅನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುವುದಿಲ್ಲ. ಆದರೆ ಒಬ್ಬರು ಹೇಳುವುದು ಮರುಭೂಮಿಯ ಲೆಕ್ಕ, ಇನ್ನೊಬ್ಬರದ್ದು ತೋಟದ ಜೀಪಿನ ಲೆಕ್ಕ. ವಾರದಲ್ಲಿ ಒಂದೆರಡು ದಿನ ಅಡಿಕೆಯೋ ಗೊಬ್ಬರವೋ ಹೇರಿ, ಉಳಿದ ದಿನ ಖಾಲಿ ಗಾಡಿಯಲ್ಲಿ ಮನೆಯವರನ್ನು ಕೂರಿಸಿಕೊಂಡು ಓಡುವ ನಮ್ಮಂಥವರ ಲೆಕ್ಕ ಎರಡರಲ್ಲೂ ಇಲ್ಲ.

ಶಾಕ್ ಅಬ್ಸಾರ್ಬರ್ ಭಾರ ಹೊರುವುದಿಲ್ಲ, ಇದು ಮೊದಲು ತಲೆಗೆ ಹೋಗಬೇಕು. ಭಾರ ಹೊರುವುದು ಸ್ಪ್ರಿಂಗು. ಹೆಚ್ಚಿನ ಪಿಕಪ್‌ಗಳಲ್ಲಿ ಹಿಂದುಗಡೆ ಲೀಫ್ ಸ್ಪ್ರಿಂಗ್, ಅಂದರೆ ನಮ್ಮವರು ಪ್ಲೇಟ್ ಅನ್ನುವುದು. ಹೊಂಡಕ್ಕೆ ಇಳಿದ ಚಕ್ರ ಮೇಲೆ ಬಂದಾಗ ಸ್ಪ್ರಿಂಗ್ ಅಲ್ಲಿಗೇ ನಿಲ್ಲುವುದಿಲ್ಲ, ಕುಣಿಯುತ್ತಾ ಇರುತ್ತದೆ. ಆ ಕುಣಿತವನ್ನು ಎಣ್ಣೆಯ ಮೂಲಕ ಹಿಡಿದು ಬಿಸಿಯಾಗಿ ಕಳೆಯುವುದು ಶಾಕಿನ ಕೆಲಸ. ಸ್ಪ್ರಿಂಗ್ ಎತ್ತಾದರೆ ಶಾಕು ಮೂಗುದಾರ. ಹಾಗಾಗಿ "ಜಾಸ್ತಿ ಲೋಡ್ ಹೇರಬೇಕು, ಗಟ್ಟಿ ಶಾಕ್ ಕೊಡಿ" ಅಂತ ಅಂಗಡಿಯಲ್ಲಿ ಕೇಳುವುದೇ ತಪ್ಪು ಪ್ರಶ್ನೆ. ಗಟ್ಟಿ ಶಾಕ್ ಹಾಕಿದರೆ ಗಾಡಿ ಒಂದು ಗೋಣಿಯನ್ನೂ ಹೆಚ್ಚಿಗೆ ಹೊರುವುದಿಲ್ಲ, ಖಾಲಿ ಇರುವಾಗ ಸೊಂಟಕ್ಕೆ ಮಾತ್ರ ಜಾಸ್ತಿ ಹೊಡೆಯುತ್ತದೆ.

ಖಾಲಿ ಪಿಕಪ್ ಹೊಡೆಯುವುದಕ್ಕೆ ಮೂಲ ಕಾರಣವೇ ಆ ಸ್ಪ್ರಿಂಗು. ಒಂದು ಟನ್ನೋ ಅದಕ್ಕಿಂತ ಜಾಸ್ತಿಯೋ ಹೊರಲಿ ಅಂತ ಮಾಡಿದ ಪ್ಲೇಟಿನ ಮೇಲೆ ಏನೂ ಇಲ್ಲದಿದ್ದರೆ ಅದು ಬಾಗುವುದೇ ಇಲ್ಲ. ಯಾವ ಶಾಕ್ ಹಾಕಿದರೂ ಪಿಕಪ್ ಇನ್ನೋವಾ ಆಗುವುದಿಲ್ಲ. ಇಷ್ಟು ಒಪ್ಪಿಕೊಂಡರೆ ಅರ್ಧ ದುಡ್ಡು ಉಳಿಯುತ್ತದೆ.

ಈಗ ಗಲ್ಫಿನವರ ಮಾತಿಗೆ ಬರೋಣ. ಅವರು ಹೇಳುವುದು ಹೆಚ್ಚಾಗಿ ಮೊನೊಟ್ಯೂಬ್ ಶಾಕಿನ ವಿಷಯ. ಅದರಲ್ಲಿ ಒಂದೇ ಕೊಳವೆ. ಒಳಗೆ ಎಣ್ಣೆ, ಒಂದು ತುದಿಯಲ್ಲಿ ಜೋರು ಒತ್ತಡದ ನೈಟ್ರೋಜನ್, ಎರಡೂ ಬೆರೆಯದ ಹಾಗೆ ನಡುವೆ ತೇಲುವ ಒಂದು ಪಿಸ್ಟನ್. ಎಣ್ಣೆ ನೇರ ಹೊರಗಿನ ಕೊಳವೆಗೇ ತಾಗಿರುವುದರಿಂದ ಬಿಸಿ ಬೇಗ ಗಾಳಿಗೆ ಹೋಗುತ್ತದೆ. ಗಂಟೆಗಟ್ಟಲೆ ಮರಳಿನ ಮೇಲೆ, ಸುಡುವ ಬಿಸಿಲಿನಲ್ಲಿ, ಜೋರು ಸ್ಪೀಡಿನಲ್ಲಿ ಓಡುವ ಗಾಡಿಗೆ ಇದಕ್ಕಿಂತ ಒಳ್ಳೆಯದು ಕಷ್ಟ. ಅಂಥ ಓಟದಲ್ಲಿ ಮಾಮೂಲಿ ಶಾಕಿನ ಎಣ್ಣೆ ಬಿಸಿಯಾಗಿ, ಗಾಳಿ ಬೆರೆತು ನೊರೆಯಾಗುತ್ತದೆ. ನೊರೆಯೆದ್ದ ಎಣ್ಣೆಗೆ ತಡೆಯುವ ತಾಕತ್ತಿಲ್ಲ, ಗಾಡಿ ತೇಲಲು ಶುರುಮಾಡುತ್ತದೆ.

ಆದರೆ ನಮ್ಮಲ್ಲಿ ಶಾಕು ಅಷ್ಟು ಬಿಸಿಯಾಗುವುದು ಎಲ್ಲಿ? ಚೆರ್ಕಳದಿಂದ ಬದಿಯಡ್ಕ, ಪೆರ್ಲ, ಅಡ್ಕಸ್ಥಳ ದಾಟಿ ಕಲ್ಲಡ್ಕದವರೆಗಿನ ರಸ್ತೆಯಲ್ಲಿ ಜೋರು ಹೋಗಬೇಕೆಂದರೂ ತಿರುವುಗಳು ಬಿಡುವುದಿಲ್ಲ. ಮುಳ್ಳೇರಿಯ ಕಡೆಯಿಂದ ಜಾಲ್ಸೂರಿಗೆ ಹೋದರೂ ಅದೇ ಕತೆ. ಡಾಂಬರು ಬಿಟ್ಟು ತೋಟದ ದಾರಿಗೆ ಇಳಿದರೆ ಕೇಳುವುದೇ ಬೇಡ. ಮುರಕಲ್ಲಿನ, ಅಂದರೆ ಕೆಂಪುಕಲ್ಲಿನ, ಗುಡ್ಡ ಕಡಿದು ಮಾಡಿದ ಏರು, ಚಕ್ರ ಹೋಗುವಷ್ಟೇ ಅಗಲಕ್ಕೆ ಎರಡು ಪಟ್ಟಿ ಕಾಂಕ್ರೀಟು, ಮಳೆನೀರು ಕೊರೆದ ಚರಂಡಿ, ಫಸ್ಟ್ ಗೇರು, ಸೆಕೆಂಡ್ ಗೇರು. ಇಲ್ಲಿ ಬೇಕಾದದ್ದು ನಿಧಾನ ಸ್ಪೀಡಿನಲ್ಲಿ ಚೂಪಾದ ಗುದ್ದನ್ನು ಮೆತ್ತಗೆ ನುಂಗುವ ಶಾಕು. ಮೊನೊಟ್ಯೂಬಿನಲ್ಲಿ ಗ್ಯಾಸಿನ ಒತ್ತಡ ಜಾಸ್ತಿ, ಸಾಮಾನ್ಯವಾಗಿ ಅದರ ವಾಲ್ವೂ ಬಿಗಿ. ಖಾಲಿ ಗಾಡಿಯಲ್ಲಿ ಸಣ್ಣ ಸಣ್ಣ ಕಲ್ಲೂ ಸೀಟಿಗೆ ಗೊತ್ತಾಗುತ್ತದೆ. ಇನ್ನೊಂದು ಸಂಗತಿ ಗಲ್ಫಿನವರು ಹೇಳುವುದೇ ಇಲ್ಲ. ಹಿಂದಿನ ಶಾಕಿನ ಕೆಳತುದಿ ಹೆಚ್ಚಿನ ಗಾಡಿಗಳಲ್ಲಿ ಆಕ್ಸಲ್ಲಿನ ಮಟ್ಟದಲ್ಲೇ ನೇತಾಡಿಕೊಂಡಿರುತ್ತದೆ. ಮುರಕಲ್ಲಿನ ಮೂಲೆಯೊಂದು ಬಡಿದು ಆ ಒಂಟಿ ಕೊಳವೆ ನೆಗ್ಗಿದರೆ ಒಳಗೆ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ, ಅಲ್ಲಿಗೆ ಮುಗಿಯಿತು. ಮಾಮೂಲಿ ಶಾಕು, ಅಂದರೆ ಟ್ವಿನ್‌ಟ್ಯೂಬ್‌ನಲ್ಲಿ, ಕೊಳವೆಯ ಒಳಗೆ ಕೊಳವೆ. ಹೊರಗಿನದ್ದು ಸ್ವಲ್ಪ ನೆಗ್ಗಿದರೂ ಪಿಸ್ಟನ್ ಓಡಾಡುವುದು ಒಳಗಿನದ್ದರಲ್ಲಿ, ಕೆಲಸ ನಡೆಯುತ್ತದೆ.

ಹಾಗೆಂದು ಮೊನೊಟ್ಯೂಬ್ ಶೋಕಿ ಅಂತ ನಾನು ಹೇಳುವುದಿಲ್ಲ. ತಲಪಾಡಿಯಿಂದ ಚೆಂಗಳದವರೆಗೆ ಹೆದ್ದಾರಿ ಆರು ಪಥ ಆಗಿದೆ, ಅದರ ಮೇಲೆ ದಿನಾ ಮಂಗಳೂರಿಗೆ ಲೋಡ್ ಹೊತ್ತು ಓಡುವವರಿಗೆ ಅದು ಸರಿಯಾದ ಆಯ್ಕೆಯೇ. ಆದರೆ 2016ರಲ್ಲಿ ಇಸುಜು ವಿ-ಕ್ರಾಸ್, 2022ರಲ್ಲಿ ಟೊಯೊಟಾ ಹೈಲಕ್ಸ್ ಬಂದ ಮೇಲೆ ನಮ್ಮಲ್ಲಿ ಪಿಕಪ್ ಅಂದರೆ ಮನೆಯೆದುರು ನಿಲ್ಲಿಸುವ ವಸ್ತುವೂ ಆಗಿಬಿಟ್ಟಿದೆ, ಅಲ್ವಾ? ಶಾಕಿನ ಬಣ್ಣ ಹೊರಗಿನಿಂದ ಕಾಣಬೇಕು, ಗಾಡಿ ಎರಡು ಇಂಚು ಎತ್ತರ ನಿಲ್ಲಬೇಕು. ಎತ್ತರಿಸುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಮಾಡಿಕೊಟ್ಟ, ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಹಾಗೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಮಾಡಿ ಹೇಳಿದ್ದೂ ಕೇರಳದಿಂದ ಹೋದ ಕೇಸಿನಲ್ಲೇ. ಹಳೆ ಶಾಕ್ ತೆಗೆದು ಅದೇ ಅಳತೆಯದ್ದು ಹಾಕುವುದು ರಿಪೇರಿ. ಗಾಡಿಯ ಎತ್ತರ ಬದಲಿಸುವುದು ಬೇರೆಯೇ ವಿಷಯ, ಕೆಎಲ್-14 ಬೋರ್ಡಿನವರು ಅದನ್ನು ಆರ್‌ಟಿಒ ಹತ್ತಿರ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ಪುತ್ತೂರಿನ ನೆಂಟರ ದಾರಿ ನನಗೆ ಒಳಗೊಳಗೇ ಇಷ್ಟ. ಹಾಳಾದ ತಕ್ಷಣ ಬಿಸಾಡದೆ ಬಿಚ್ಚಿ ನೋಡುವ ಗುಣ ನಮ್ಮ ಈಚೆಯ ಗ್ಯಾರೇಜುಗಳಲ್ಲಿ ಕಡಿಮೆಯಾಗಿದೆ. ಇಲ್ಲಿ "ಹೊಸತು ತನ್ನಿ" ಅನ್ನುವುದು ಬೇಗ. ಆಚೆ ಇನ್ನೂ ಶಾಕಿನ ಸೀಲು ಬದಲಿಸಿ, ಎಣ್ಣೆ ತುಂಬಿಸಿ ಕೊಡುವವರು ಸಿಗುತ್ತಾರೆ. ಆದರೆ ಯಾವ ಎಣ್ಣೆ ಅಂತ ಕೇಳಿ ನೋಡಿ. "ಶಾಕ್ ಆಯಿಲ್" ಅಷ್ಟೇ. ದಪ್ಪ ಎಷ್ಟು, ಮೊದಲು ಇದ್ದದ್ದು ಎಷ್ಟು, ಲೆಕ್ಕ ಇಲ್ಲ. ಗ್ಯಾಸ್ ಶಾಕ್ ಆಗಿದ್ದರೆ ಎಣ್ಣೆ ತುಂಬಿಸಲು ತೂತು ಕೊರೆದ ಗಳಿಗೆಯಲ್ಲೇ ನೈಟ್ರೋಜನ್ ಹೋಯಿತು, ಮತ್ತೆ ತುಂಬುವ ವ್ಯವಸ್ಥೆ ಅಂಥ ಅಂಗಡಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಎಲ್ಲಕ್ಕಿಂತ ಮುಖ್ಯ ಶಾಕಿನ ಒಳಕ್ಕೂ ಹೊರಕ್ಕೂ ಜಾರುವ ರಾಡು. ಮೇಲಿನ ರಬ್ಬರ್ ಕವರ್ ಎತ್ತಿ ರಾಡಿನ ಮೇಲೆ ಉಗುರು ಎಳೆದು ನೋಡಿ. ನುಣ್ಣಗೆ ಜಾರಿದರೆ ಸರಿ. ಉಗುರು ಎಲ್ಲಾದರೂ ತಡೆದರೆ, ಕ್ರೋಮ್ ಎದ್ದು ಸಣ್ಣ ಸಣ್ಣ ತುಕ್ಕಿನ ಗುಳಿ ಬಿದ್ದಿದ್ದರೆ, ಹೊಸ ಸೀಲು ಹಾಕಿ ಪ್ರಯೋಜನ ಇಲ್ಲ. ಆ ಗುಳಿಯೇ ಅದನ್ನು ಹರಿಯುತ್ತದೆ. ಇಷ್ಟು ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ ಹಳೆಯ ರಾಡು ನುಣ್ಣಗೆ ಉಳಿಯುವುದೇ ಅಪರೂಪ. ತೋಟದಿಂದ ಅಂಗಳಕ್ಕೆ ಓಡುವ ಹಳೆ ಜೀಪಿಗೆ ರಿಪೇರಿ ಶಾಕ್ ಧಾರಾಳ ಸಾಕು. ಹೆದ್ದಾರಿಗೆ ಹೋಗುವ ಗಾಡಿಯ ಮುಂದಿನ ಚಕ್ರಕ್ಕೆ ಮಾತ್ರ ನಾನು ಹಾಕಿಸುವುದಿಲ್ಲ. ಬ್ರೇಕ್ ಹಿಡಿದಾಗ ಮೂಗು ಎಷ್ಟು ಮುಗ್ಗರಿಸುತ್ತದೆ, ಟಯರು ರಸ್ತೆಯನ್ನು ಎಷ್ಟು ಕಚ್ಚಿಕೊಂಡಿರುತ್ತದೆ ಎಂಬುದೆಲ್ಲ ಅದರ ಮೇಲೆ ನಿಂತಿದೆ.

ಹಾಗಾದರೆ ನಮ್ಮ ದಾರಿ ಯಾವುದು? ನನ್ನ ಮಟ್ಟಿಗೆ ಗ್ಯಾಸ್ ತುಂಬಿದ ಟ್ವಿನ್‌ಟ್ಯೂಬ್, ಕಂಪನಿ ಹೇಳಿದ ಅಳತೆಯದ್ದೇ. ಇದರಲ್ಲಿ ನೈಟ್ರೋಜನ್ ಒತ್ತಡ ಕಡಿಮೆ, ನೊರೆ ಏಳದ ಹಾಗೆ ನೋಡಿಕೊಳ್ಳುವಷ್ಟು ಮಾತ್ರ. ಒಂದರ ಹಿಂದೆ ಒಂದು ಹಂಪು ಬಂದರೂ ಸೋಲುವುದಿಲ್ಲ, ಖಾಲಿ ಇರುವಾಗ ಕಲ್ಲಿನ ಹಾಗೂ ಆಗುವುದಿಲ್ಲ. ಗೇಬ್ರಿಯಲ್, ಮನ್ರೋ ಇಂಥ ಹೆಸರುಗಳು ನಮ್ಮ ಕಡೆ ಸುಲಭಕ್ಕೆ ಕೇಳಿಬರುತ್ತವೆ. ಗೇಬ್ರಿಯಲ್ ಇಂಡಿಯಾ ಅಂತೂ 1961ರಿಂದ ಇರುವ ಕಂಪನಿ. ಕಾಸರಗೋಡಿನಲ್ಲಿ ಸಿಗದಿದ್ದರೆ ಮಂಗಳೂರು ಎಷ್ಟು ದೂರ? ಗಿರಾಕಿ ಸ್ವಲ್ಪ ಮೃದುವಾದದ್ದು ಕೇಳಿದರೂ ಅಂಗಡಿಯವರು ಹೆವಿ ಡ್ಯೂಟಿ ತೆಗೆದಿಡುತ್ತಾರೆ, ಅಲ್ಲಿ ಮಾತ್ರ ಸ್ವಲ್ಪ ಹಟ ಹಿಡಿಯಬೇಕು. ವರ್ಷದಲ್ಲಿ ಹೆಚ್ಚು ದಿನ ಗಾಡಿ ಯಾವ ಭಾರದಲ್ಲಿ ಓಡುತ್ತದೋ ಆ ಭಾರಕ್ಕೆ ಶಾಕ್ ಆರಿಸಿ. ಅಡಿಕೆ ಕೊಡುವ ಎರಡು ದಿನಕ್ಕಾಗಿ ಉಳಿದ ದಿನಗಳನ್ನು ಹಾಳು ಮಾಡಿಕೊಳ್ಳಬೇಡಿ. ದಿನಾ ಕೆಂಪುಕಲ್ಲು ಹೇರುವವರಿಗೆ ಈ ಮಾತು ಅನ್ವಯಿಸುವುದಿಲ್ಲ, ಅವರಿಗೆ ಹೆವಿ ಡ್ಯೂಟಿಯೇ ಸರಿ. ಖಾಲಿಗೊಂದು, ಲೋಡಿಗೊಂದು ಅಂತ ಗುಬ್ಬಿ (ನಾಬ್) ತಿರುಗಿಸಿ ಬಿಗಿ ಬದಲಿಸುವ ಶಾಕುಗಳೂ ಉಂಟು. ರ‍್ಯಾಂಚೊದ ಒಂದು ಮಾದರಿಯಲ್ಲಿ 9 ಹಂತ. ಕೇಳಲು ಚಂದ. ಕೆಸರಿನಲ್ಲಿ ಮುಳುಗಿದ ಆ ಗುಬ್ಬಿಯನ್ನು ಪ್ರತಿ ಸಲ ಗಾಡಿಯಡಿ ನುಸುಳಿ ತಿರುಗಿಸುವ ಪುಣ್ಯಾತ್ಮ ಯಾರು?

ದುಡ್ಡು ಬಿಚ್ಚುವ ಮೊದಲು ಶಾಕೇ ಹೋಗಿದೆಯಾ ಅಂತ ನೋಡಿಕೊಳ್ಳಿ. ಕಾರಿನ ಮೂಲೆ ಒತ್ತಿ ಬಿಡುವ ಪರೀಕ್ಷೆ ಪಿಕಪ್ಪಿನ ಹಿಂಭಾಗಕ್ಕೆ ನಡೆಯುವುದಿಲ್ಲ, ಆ ಪ್ಲೇಟನ್ನು ಕೈಯಲ್ಲಿ ಒತ್ತಿ ಬಗ್ಗಿಸಲು ಆಗಬೇಕಲ್ಲ. ಶಾಕಿನ ಮೈಮೇಲೆ ತೆಳ್ಳಗೆ ಎಣ್ಣೆಪಸೆ, ಅದಕ್ಕೆ ಅಂಟಿದ ಧೂಳು ಇದ್ದರೆ ಗಾಬರಿ ಬೇಡ, ರಾಡು ಆಡುವಾಗ ಅಷ್ಟು ಬರುತ್ತದೆ. ಎಣ್ಣೆ ಇಳಿದು ಕೆಳಗೆ ತೊಟ್ಟಿಕ್ಕಿದ ಗುರುತಿದ್ದರೆ ಮಾತ್ರ ಹೋಯಿತು ಅನ್ನಿ. ಟಯರಿನ ಮೇಲೆ ಅಂಗೈ ಸವರಿದಾಗ ಅಲ್ಲಲ್ಲಿ ತಗ್ಗು ತಗ್ಗಾಗಿ ಸವೆದಿದ್ದರೆ ಅದೂ ಒಂದು ಸುಳಿವು. ಸೋರದೆಯೂ ಒಳಗಿನ ವಾಲ್ವ್ ಸವೆಯುತ್ತದೆ, 80,000 ಕಿಲೋಮೀಟರ್ ಹತ್ತಿರ ಬಂದಾಗ ಬದಲಿಸಿ ಅಂತ ಮನ್ರೋದಂಥ ಕಂಪನಿಗಳೇ ಹೇಳುವುದು ಅದಕ್ಕೆ. ನಮ್ಮ ರಸ್ತೆಗೆ ಇನ್ನೂ ಬೇಗ ನೋಡಿದರೆ ನಷ್ಟವಿಲ್ಲ.

ಎಷ್ಟೋ ಸಲ ಶಾಕು ಸರಿಯಾಗಿಯೇ ಇರುತ್ತದೆ. ಲೋಡಿಗೆಂದು ತುಂಬಿಸಿದ ಗಾಳಿಯನ್ನು ಹಾಗೇ ಬಿಟ್ಟು ಖಾಲಿ ಓಡಿಸಿದರೆ ಹೊಡೆಯದೆ ಇನ್ನೇನು ಮಾಡುತ್ತದೆ? ಖಾಲಿಗೆ ಎಷ್ಟು, ಲೋಡಿಗೆ ಎಷ್ಟು ಅಂತ ಗಾಡಿಯ ಪುಸ್ತಕದಲ್ಲಿರುತ್ತದೆ, ಎಷ್ಟೋ ಗಾಡಿಗಳಲ್ಲಿ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲೂ ಬರೆದಿರುತ್ತದೆ. ಪ್ಲೇಟುಗಳ ನಡುವೆ ತುಕ್ಕು ಹಿಡಿದರೆ ಒಂದರ ಮೇಲೊಂದು ಜಾರುವುದಿಲ್ಲ, ಇಡೀ ಕಟ್ಟು ಮರದ ತುಂಡಿನ ಹಾಗೆ ನಿಲ್ಲುತ್ತದೆ. ಮಳೆಗಾಲ ಮುಗಿದ ಮೇಲೆ ಒಮ್ಮೆ ಬಿಚ್ಚಿ ತೊಳೆದು, ತುಕ್ಕು ಉಜ್ಜಿ, ಪ್ಲೇಟಿನ ತುದಿಯನ್ನು ಚಾಸಿಗೆ ಸೇರಿಸುವ ಶ್ಯಾಕಲ್ಲಿನ ಬುಶ್ ಬದಲಿಸಿದರೆ ಎಷ್ಟೋ ಮೆತ್ತಗಾಗುತ್ತದೆ, ಖರ್ಚೂ ಕಡಿಮೆ. ಒಂದು ಪ್ಲೇಟೇ ತೆಗೆದುಬಿಡಿ ಅನ್ನುವವರು ಎರಡೂ ರಾಜ್ಯದಲ್ಲಿ ಇದ್ದಾರೆ. ಮುಂದಿನ ಸಲ ಲೋಡ್ ಹೇರಿದಾಗ ಉಳಿದ ಪ್ಲೇಟು ಮುರಿದರೆ ಅವರು ಬರುವುದಿಲ್ಲ.

ಹಾಕಿಸುವಾಗ ಪಕ್ಕದಲ್ಲಿ ನಿಲ್ಲಿ, ಸುಮ್ನೆ ಚಹಾ ಕುಡಿಯಲು ಹೋಗಬೇಡಿ. ಎಡ ಬಲ ಜೋಡಿಯಾಗಿಯೇ ಬದಲಾಗಬೇಕು. ಟ್ವಿನ್‌ಟ್ಯೂಬ್ ಶಾಕು ಗೋದಾಮಿನಲ್ಲಿ ಮಲಗಿಯೇ ಇದ್ದಿರುತ್ತದೆ, ಒಳಗಿನ ಕೊಳವೆಗೆ ಗಾಳಿ ಹೊಕ್ಕಿರುತ್ತದೆ. ಡಬ್ಬಿಯಿಂದ ತೆಗೆದು ನೆಟ್ಟಗೆ ನಿಲ್ಲಿಸಿ ನಿಧಾನಕ್ಕೆ ಒತ್ತಿದರೆ ಮೊದಲು ನಡುವೆ ಎಲ್ಲೋ ಪೊಳ್ಳು ಪೊಳ್ಳಾಗಿ ಇಳಿಯುತ್ತದೆ. ನಾಲ್ಕೈದು ಸಲ ಪೂರ್ತಿ ಎಳೆದು ಒತ್ತಿದ ಮೇಲೆ ಮೇಲಿನಿಂದ ಕೆಳಗಿನವರೆಗೆ ಒಂದೇ ಸಮ ತಡೆ ಸಿಗುತ್ತದೆ. ಆಮೇಲೆ ಹಾಕಬೇಕು. ಹೆಚ್ಚಿನ ಗ್ಯಾರೇಜಿನಲ್ಲಿ ಇದನ್ನು ಮಾಡುವುದಿಲ್ಲ, ಹೇಳಿದರೆ ಸ್ವಲ್ಪ ಮುಖ ನೋಡುತ್ತಾರೆ. ಶಾಕಿನ ತುದಿಯ ಬಳೆಯಲ್ಲಿ (ಕಣ್ಣು ಅನ್ನುವುದು ಇದನ್ನೇ) ಕೂರುವ ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗಲೇ ಪೂರ್ತಿ ಬಿಗಿಯುವುದೂ ಸರಿಯಲ್ಲ. ಚಕ್ರ ನೆಲಕ್ಕೆ ತಾಗಿ ಗಾಡಿಯ ಭಾರ ಕೂತ ಮೇಲೆ ಕೊನೆಯ ಬಿಗಿ. ಇಲ್ಲದಿದ್ದರೆ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಮುಂದುಗಡೆ ಸ್ಪ್ರಿಂಗು, ಶಾಕು ಒಟ್ಟಿಗೇ ಇರುವ ಡಿ-ಮ್ಯಾಕ್ಸಿನಂಥ ಗಾಡಿಯಾದರೆ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜಿಗೆ ಕೊಡಲೇಬೇಡಿ. ಅಮುಕಿಟ್ಟ ಸ್ಪ್ರಿಂಗು ಹಾರಿದರೆ ಕೈ ಹೋಗುತ್ತದೆ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಕೂಡ ಮಾಡಿಸಿ.

ನನ್ನ ಡಬಲ್ ಕ್ಯಾಬಿಗೆ ನಾಲ್ಕೂ ಕಡೆ ಗ್ಯಾಸಿನ ಟ್ವಿನ್‌ಟ್ಯೂಬೇ ಇರುವುದು. ಬಿಲ್ಲು ಮಂಗಳೂರಿನದ್ದು, ಕೂಲಿ ಬದಿಯಡ್ಕದ್ದು. ಶಾರ್ಜಾದಿಂದ ರಜೆಗೆ ಬಂದ ಭಾವ ಒಂದು ಸುತ್ತು ಓಡಿಸಿ, ನೂರರ ಮೇಲೆ ಇದು ತೇಲುತ್ತದೆ ಅಂದರು. ನೂರು ಎಲ್ಲಿ ಹೋಗುತ್ತೀರಿ ಅಂತ ಕೇಳಿದ್ದಕ್ಕೆ ಹೆದ್ದಾರಿ ತೋರಿಸಿದರು. ಅವರ ರಜೆ ಒಂದು ತಿಂಗಳು ಮಾತ್ರ.