ರೇಖಾಶಾಸ್ತ್ರಿಗಳ ಎರಡು ಗೆರೆ

ದಾವಣಗೆರೆಯ ರಾಮ್ ಅಂಡ್ ಕೋ ವೃತ್ತದಲ್ಲಿ ಸಂಜೆ ಮಂಡಕ್ಕಿ-ಮೆಣಸಿನಕಾಯಿಯ ಹೊತ್ತಿಗೆ ತಪ್ಪದೆ ದರ್ಶನ ನೀಡುವ ಹಿರಿಯರೊಬ್ಬರಿದ್ದಾರೆ. ಅಂಗೈ ನೋಡಿ ಭವಿಷ್ಯ ಹೇಳುವವರಿಗೆ ಹಿಂದೆ ಸಲ್ಲುತ್ತಿದ್ದ ಮರ್ಯಾದೆ ಈಗ ಗ್ರಾಫ್ ನೋಡಿ ಹೇಳುವವರಿಗೆ ಸಲ್ಲುತ್ತಿರುವುದರಿಂದ ಅವರನ್ನು ರೇಖಾಶಾಸ್ತ್ರಿಗಳೆಂದೇ ಕರೆಯುತ್ತೇನೆ. ಅವರ ಮೊಬೈಲಿನಲ್ಲಿ ಎರಡು ಗೆರೆಗಳಿವೆ: ಒಂದು ಉತ್ತರದ ರಾಜ್ಯಗಳಿಂದ ದುಡಿಯಲು ಬಂದವರದು, ಇನ್ನೊಂದು ಮನೆ ಬಾಡಿಗೆಯದು. ಎರಡಕ್ಕೂ ಅಂಕಿಗಳಿಲ್ಲ, ಬಣ್ಣಗಳಿವೆ. ಎರಡೂ ಜೊತೆಯಾಗಿ ಮೇಲೇರಿರುವುದನ್ನು ಜಾತಕ ಕೂಡಿದ ಸಂಭ್ರಮದಲ್ಲಿ ತೋರಿಸುತ್ತಾರೆ. ಊರು ಬೆಳೆದರೆ ಬಾಡಿಗೆಯೂ ಏರುತ್ತದೆ, ಕೆಲಸ ಹುಟ್ಟಿ ಜನರೂ ಬರುತ್ತಾರಲ್ಲವೇ ಎಂದರೆ, ಮೂರನೆಯ ಗೆರೆಗೆ ಮೊಬೈಲಿನಲ್ಲಿ ಜಾಗವಿಲ್ಲವಂತೆ.

2016ರಲ್ಲಿ ಪ್ರಕಟವಾದ ಸ್ಮಾರ್ಟ್ ಸಿಟಿಗಳ ಮೊದಲ 20ರ ಪಟ್ಟಿಯಲ್ಲಿ ದಾವಣಗೆರೆಯೂ ಇತ್ತು. ರಸ್ತೆ ಅಗೆಯಬೇಕಾಯಿತು, ಅಗೆಯಲು ಕೂಲಿಯವರು ಬಂದರು. ಹೊರಗಿನವರು ಕಾಲಿಟ್ಟಲ್ಲೆಲ್ಲ ಗುಂಡಿ ಬೀಳುತ್ತದೆ ಎಂಬ ಸಿದ್ಧಾಂತವನ್ನು ಶಾಸ್ತ್ರಿಗಳು ಮಂಡಿಸಿದ್ದು ಆಗಲೇ. ಕಾಟನ್ ಮಿಲ್ಲುಗಳು ಮುಚ್ಚಿದ್ದೂ ಇವರಿಂದಲೇ ಎಂದಾಗ, ಆ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲಕ್ಕೆ ಇಂದು ಗಾರೆ ಕಲಸುತ್ತಿರುವ ಹುಡುಗರಲ್ಲಿ ಹೆಚ್ಚಿನವರು ಹುಟ್ಟಿಯೇ ಇರಲಿಲ್ಲ ಎಂದು ನೆನಪಿಸಿದೆ. ಹುಟ್ಟುವ ಮೊದಲೇ ಇಷ್ಟು ಮಾಡಿದವರು ಹುಟ್ಟಿದ ಮೇಲೆ ಇನ್ನೆಷ್ಟು ಮಾಡಿಯಾರು ಎಂದು ಅವರು ಮೆಣಸಿನಕಾಯಿ ಕಚ್ಚಿದರು.

ಸುಮ್ಮನಿರಲಾರದೆ ನಾನು ಅಮೆರಿಕದ ಮಯಾಮಿಯ ಕಥೆ ತೆಗೆದೆ. 1980ರಲ್ಲಿ ಕ್ಯೂಬಾದ ಮರಿಯೆಲ್ ಬಂದರಿನಿಂದ ಸುಮಾರು 1,25,000 ಜನ ದೋಣಿಗಳಲ್ಲಿ ಫ್ಲಾರಿಡಾಕ್ಕೆ ಬಂದರು. ಅವರಲ್ಲಿ ಬಹಳಷ್ಟು ಮಂದಿ ನೆಲೆಸಿದ್ದು ಮಯಾಮಿಯಲ್ಲಿ, ಅಲ್ಲಿ ನಿರುದ್ಯೋಗವೂ ಏರಿತು. ಶಾಸ್ತ್ರಿಗಳಾಗಿದ್ದರೆ ಲೆಕ್ಕ ಅಲ್ಲಿಗೇ ಮುಗಿಯುತ್ತಿತ್ತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್ ಮಾತ್ರ ಆ ದೋಣಿಗಳ ಪ್ರವಾಹ ಮುಟ್ಟದಿದ್ದ ಅಟ್ಲಾಂಟಾ, ಹ್ಯೂಸ್ಟನ್‌ನಂಥ ಊರುಗಳನ್ನೂ ಪಕ್ಕಕ್ಕಿಟ್ಟು ನೋಡಿ, ಮೊದಲೇ ಇದ್ದ ಕಾರ್ಮಿಕರ ಕೂಲಿಗೂ ಕೆಲಸಕ್ಕೂ ಹೇಳಿಕೊಳ್ಳುವಂಥ ಪೆಟ್ಟು ಬಿದ್ದಿಲ್ಲವೆಂದು 1990ರಲ್ಲಿ ಬರೆದರು. 2021ರಲ್ಲಿ ನೊಬೆಲ್ ಪಡೆದವರಲ್ಲಿ ಅವರೂ ಒಬ್ಬರು. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಇದಕ್ಕೆ ತಕರಾರು ತೆಗೆದದ್ದೂ ನಿಜ. ಆದರೆ ಆ ತಕರಾರು ಯಾವ ಕೂಲಿಯವರನ್ನು ಯಾವ ಊರಿನೊಂದಿಗೆ ಹೋಲಿಸಬೇಕು ಎಂಬುದರ ಮೇಲಿತ್ತೇ ಹೊರತು ಹೋಲಿಕೆಯೇ ಬೇಡ ಎಂದಲ್ಲ.

ನಾವೂ ಜಗಳೂರಿನ ಬಾಡಿಗೆಯನ್ನೊಮ್ಮೆ ನೋಡೋಣವೇ ಎಂದೆ. ನಮ್ಮೂರ ಕಷ್ಟಕ್ಕೆ ಜಗಳೂರಿನ ಲೆಕ್ಕವೇಕೆ ಎಂದು ಗದರಿ, ಶಾಸ್ತ್ರಿಗಳು ಬೆಣ್ಣೆ ದೋಸೆ ಹೋಟೆಲಿನತ್ತ ನಡೆದರು.

ದೋಸೆ ಬಂದಾಗ ಹೇಳಿದೆ: ಇದೂ ಹೊರಗಿನದೇ, 1928ರಲ್ಲಿ ಬೆಳಗಾವಿ ಸೀಮೆಯ ಬೇಡಕಿಹಾಳದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮನವರ ಮನೆತನದಿಂದ ಬೆಳೆದದ್ದು. ತಮ್ಮ ಶಾಸ್ತ್ರದ ಪ್ರಕಾರ ಅಂದಿನಿಂದ ಏರಿದ್ದೆಲ್ಲದಕ್ಕೂ ಈ ದೋಸೆಯೇ ಹೊಣೆಯಾಗಬೇಕಲ್ಲ?

ಶಾಸ್ತ್ರಿಗಳ ಕೈ ತಟ್ಟೆಯ ಮೇಲೆಯೇ ನಿಂತಿತು. ಬಹಳ ಹೊತ್ತು ಯೋಚಿಸಿ, ಇನ್ನೊಂದು ಕೈಯಲ್ಲಿ ಮೊಬೈಲ್ ತೆರೆದು, 1928ಕ್ಕೆ ಮೊದಲಿನ ಬಾಡಿಗೆ ದರ ಎಲ್ಲಿ ಸಿಗಬಹುದು ಎಂದು ನನ್ನನ್ನೇ ಕೇಳಿದರು.