ಸತ್ಯಾಂಶ: ರೂಟರ್‌ನಲ್ಲಿ ಟೈಮ್ ಹಾಕಿದರೆ ಮಕ್ಕಳ ಫೋನಿಗೆ ಇಂಟರ್‌ನೆಟ್ ಬರಲ್ವಾ?

"ಮನೆಯ ವೈಫೈ ರೂಟರ್‌ನಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಟೈಮ್ ಹಾಕಿಬಿಡಿ, ಮಕ್ಕಳ ಫೋನಿಗೆ ಇಂಟರ್‌ನೆಟ್ಟೇ ಬರಲ್ಲ." ವಾಟ್ಸ್ಆಪ್‌ನಲ್ಲಿ ಇಂಥ ಮೆಸೇಜು ನೋಡಿರುತ್ತೀರಿ, ಅಲ್ವಾ? ಅದು ಅರ್ಧ ಮಾತ್ರ ನಿಜ.

ರೂಟರ್ ತಡೆಯುವುದು ತನ್ನ ಮೂಲಕ ಹೋಗುವ ಇಂಟರ್‌ನೆಟ್ಟನ್ನಷ್ಟೇ. ಫೋನಿನ ಸಿಮ್‌ನಲ್ಲಿ ಡೇಟಾ ಇದ್ದರೆ ಅದಕ್ಕೆ ರೂಟರ್ ಏನೂ ಮಾಡಲಾರದು.

ಇನ್ನೊಂದು ವಿಷಯವನ್ನು ಫಾರ್ವರ್ಡ್ ಮಾಡುವವರು ಹೇಳುವುದಿಲ್ಲ. ಒಂದು ಫೋನಿಗೆ ಮಾತ್ರ ಟೈಮ್ ಹಾಕಿದರೆ, ರೂಟರ್ ಸಾಮಾನ್ಯವಾಗಿ ಆ ಫೋನನ್ನು ಗುರುತಿಸುವುದು ಅದರ ವೈಫೈ ಗುರುತಿನ ಸಂಖ್ಯೆಯಾದ ಮ್ಯಾಕ್ ಅಡ್ರೆಸ್‌ನಿಂದ. ಆದರೆ 2019ರ ಆಂಡ್ರಾಯ್ಡ್ 10, ಐಫೋನಿನಲ್ಲಿ 2020ರ ಐಒಎಸ್ 14 ಬಂದಮೇಲೆ ಫೋನುಗಳು ಅಸಲಿ ಅಡ್ರೆಸ್ ಬಚ್ಚಿಟ್ಟು ಬೇರೊಂದನ್ನು ತೋರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬದಲಾಯಿಸಿದರೆ ಸಾಕು, ರೂಟರ್‌ಗೆ ಅದು ಹೊಸ ಫೋನು. ಹಾಕಿದ ನಿಯಮ ಹಳೆಯ ಅಡ್ರೆಸ್‌ಗೇ ಅಂಟಿಕೊಂಡಿರುತ್ತದೆ. ಇದನ್ನು ಕಲಿಯಲು ಮಕ್ಕಳಿಗೆ ಜಾಸ್ತಿ ಹೊತ್ತು ಬೇಕಾಗುವುದಿಲ್ಲ, ತಡವಾಗುವುದು ನಮಗೇ.

ರೂಟರ್‌ನ ಗಡಿಯಾರವನ್ನೂ ನೋಡಿ. ಕರೆಂಟ್ ಹೋಗಿ ಬಂದರೆ ಎಷ್ಟೋ ರೂಟರ್‌ಗಳು ಸಮಯ ಮರೆತು, ಇಂಟರ್‌ನೆಟ್‌ನಿಂದ ಮತ್ತೆ ಕೇಳಿ ತಿಳಿಯುತ್ತವೆ. ಟೈಮ್ ಜೋನ್ ಭಾರತದ +5:30 ಬದಲು ಜಿಎಂಟಿ (ಗ್ರೀನಿಚ್ ಸಮಯ) ಎಂದಿದ್ದರೆ, ರಾತ್ರಿ 10ಕ್ಕೆ ನಿಲ್ಲಬೇಕಾದ ಇಂಟರ್‌ನೆಟ್ ನಿಲ್ಲುವುದು ಬೆಳಗಿನ ಜಾವ 3:30ಕ್ಕೆ! ಬೆಳಿಗ್ಗೆ 11:30ರವರೆಗೆ ಮನೆಯವರೆಲ್ಲ ಕಾಯಬೇಕು.

ಹಾಗಂತ ಈ ಸೌಲಭ್ಯ ದಂಡವೇನಲ್ಲ. ಸಿಮ್ ಇಲ್ಲದ ಟ್ಯಾಬ್, ಸ್ಮಾರ್ಟ್ ಟಿವಿಗೆ ಚೆನ್ನಾಗಿ ಒಗ್ಗುತ್ತದೆ. ಫೋನಿಗಾದರೆ ಮಕ್ಕಳ ಬಳಕೆಗೆ ಮಿತಿ ಹಾಕುವ, ಆಂಡ್ರಾಯ್ಡ್ ಫೋನಿನ ಗೂಗಲ್ ಫ್ಯಾಮಿಲಿ ಲಿಂಕ್ ಅಥವಾ ಐಫೋನಿನ ಸ್ಕ್ರೀನ್ ಟೈಮ್ ವಾಸಿ. ಅವು ಫೋನಿನೊಳಗೇ ಇರುವುದರಿಂದ ವೈಫೈ ಇರಲಿ, ಸಿಮ್ ಡೇಟಾ ಇರಲಿ, ಕೆಲಸ ಮಾಡುತ್ತವೆ.